ಪ್ರೊಫೆಸರ್ ಟಾನ್‌ಹೋಫ್ ಹೇಳದ ಮಾತು

ಪಿಸ್ಕಾಟವೇ, ಮೊದಲ ದಿನ

ನಾನು ಅಮೆರಿಕಕ್ಕೆ ಹೋದದ್ದು ಒಬ್ಬ ಜರ್ಮನ್ ವಿದ್ವಾಂಸರಿಗೆ ಶಾಲು ಹೊದಿಸುವುದಕ್ಕೆ. ಮಕ್ಕಳ ಮನೆಗೆಂದು ಹೋಗುವವರಿದ್ದಾರೆ, ಜಲಪಾತ ನೋಡಲು ಹೋಗುವವರಿದ್ದಾರೆ. ನನಗೆ ಅಲ್ಲಿ ಮಕ್ಕಳಿಲ್ಲ, ಜಲಪಾತವನ್ನು ನಾನು ನೋಡಲಿಲ್ಲ. ಹನ್ನೊಂದು ದಿನ ಇದ್ದೆ, ಅದರಲ್ಲಿ ಒಂಬತ್ತು ದಿನ ಸಿಟ್ಟಿನಲ್ಲಿದ್ದೆ ಎಂದು ನನ್ನ ದಿನಚರಿ ಹೇಳುತ್ತದೆ. ದಿನಚರಿಯ ಮಾತನ್ನು ಎತ್ತಲು ಕಾರಣವಿದೆ. ನನ್ನ ನೆನಪಿನ ಮೇಲೆ ನನಗೆ ಮೊದಲಿದ್ದ ನಂಬಿಕೆ ಈಗ ಇಲ್ಲ.

ಕರೆಸಿಕೊಂಡದ್ದು ನ್ಯೂಜೆರ್ಸಿಯ ಒಂದು ಕನ್ನಡ ಸಂಘ. ಅದರ ಅಧ್ಯಕ್ಷ ಪ್ರಸನ್ನ ಮೈಸೂರಿನವನು, ನನ್ನ ಕಾಲೇಜಿನಲ್ಲಿ ನನ್ನಿಂದಲೇ ಕನ್ನಡ ಪಾಠ ಕೇಳಿದವನು. ಈಗ ಐವತ್ತು ದಾಟಿದೆ. ಟೆಲಿಕಾಂ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಹೆಂಡತಿ ಶುಭಾ ಔಷಧ ಕಂಪನಿಯೊಂದರಲ್ಲಿ ಕಾಗದಪತ್ರ ಪರಿಶೀಲಿಸುತ್ತಾಳೆ. ಅವಳ ಸಹಿ ಇಲ್ಲದೆ ಒಂದು ಮಾತ್ರೆಯ ಮೇಲಿನ ಒಂದು ವಾಕ್ಯವೂ ಬದಲಾಗುವುದಿಲ್ಲವಂತೆ. ಈ ಇಬ್ಬರ ಉದ್ಯೋಗವನ್ನು ಸುಮ್ಮನೆ ಹೇಳುತ್ತಿಲ್ಲ.

ನಾನು ಇಳಿದುಕೊಂಡದ್ದು ಪಿಸ್ಕಾಟವೇಯ ಅವರ ಮನೆಯಲ್ಲಿ. ಊಟವಾದ ಮೇಲೆ ಪ್ರಸನ್ನ ನನ್ನನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋದ. ಗೋಡೆಯ ಉದ್ದಕ್ಕೂ ಬ್ಯಾನರ್ ಹರಡಿತ್ತು. ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರ, ಶಾಲು, ಗಂಧದ ಹಾರ, ಮೈಸೂರು ಪೇಟ. ಬ್ಯಾನರಿನಲ್ಲಿ ಹೀಗಿತ್ತು: ‘ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡವಿದೆಯೆಂದು ಜಗತ್ತಿಗೆ ಸಾಬೀತುಪಡಿಸಿದ ಪ್ರೊ. ಟಾನ್‌ಹೋಫ್ ಅವರಿಗೆ ಕನ್ನಡಿಗರ ಗೌರವ.’

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಈಜಿಪ್ಟಿನ ಮರಳಿನಲ್ಲಿ, ಹಳೆಯ ಕಸದ ದಿಬ್ಬದಲ್ಲಿ, ಒಂದು ಗ್ರೀಕ್ ಪ್ರಹಸನದ ಹರಿದ ಹಾಳೆ ಸಿಕ್ಕಿದೆ. ಕಥೆ ನಡೆಯುವುದು ಭಾರತದ ಕಡಲ ತೀರದಲ್ಲಿ. ಅದರ ಕೆಲವು ಪಾತ್ರಗಳು ಗ್ರೀಕ್ ಅಲ್ಲದ ಯಾವುದೋ ಭಾಷೆಯಲ್ಲಿ ಮಾತಾಡುತ್ತವೆ. ಅದು ಕನ್ನಡ ಎಂದವರಿದ್ದಾರೆ, ತುಳು ಎಂದವರಿದ್ದಾರೆ, ಜನರನ್ನು ನಗಿಸಲು ಕಟ್ಟಿದ ಬರೀ ಸದ್ದು ಎಂದವರೂ ಇದ್ದಾರೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಜಗಳ ನಡೆದಿದೆ. ಪ್ರೊಫೆಸರ್ ಟಾನ್‌ಹೋಫ್ ಇಂಥ ಹರಿದ ಹಾಳೆಗಳನ್ನು ಓದುವುದರಲ್ಲೇ ಆಯುಷ್ಯ ಕಳೆದವರು. ಆ ಪ್ರಹಸನವೊಂದಕ್ಕೇ ಅವರು ಕೊಟ್ಟದ್ದು ಹತ್ತಿರ ಹತ್ತಿರ ನಲವತ್ತು ವರ್ಷ. ಇಪ್ಪತ್ತೆರಡು ವರ್ಷದ ಹಿಂದೆ ಅವರು ಓಲೆಗರಿ ನೋಡಲು ಮೈಸೂರಿಗೆ ಬಂದಿದ್ದಾಗ ಎರಡು ದಿನ ಜೊತೆಗಿದ್ದವಳು ನಾನು. ಅದಕ್ಕೇ ಶಾಲು ಹೊದಿಸುವ ಕೆಲಸಕ್ಕೆ ನನ್ನನ್ನು ಆರಿಸಿದ್ದರು.

"ಹೇಗಿದೆ ಮೇಡಂ? ಡಿಸೈನ್ ನಾನೇ ಮಾಡಿದ್ದು. ಆ ಗೋಲ್ಡ್ ಬಾರ್ಡರ್‌ಗೇ ಎರಡು ವೀಕೆಂಡ್ ಹೋಯ್ತು," ಎಂದ ಪ್ರಸನ್ನ.

"ಈ ಮಾತು ಬರೆದೋರು ಯಾರು?"

"ಟೆಕ್ಸ್ಟಾ? ಅದು ಇಂಟರ್ನೆಟ್‌ನಲ್ಲಿ ಎಲ್ಲಾ ಕಡೆ ಇದೆಯಲ್ಲ."

"ಅವರು ಸಾಬೀತು ಮಾಡಿಲ್ಲ ಪ್ರಸನ್ನ. ಒಪ್ಪಿದ್ದಾರೆ, ಅಷ್ಟೆ. ಒಪ್ಪೋದು ಬೇರೆ, ಸಾಬೀತು ಮಾಡೋದು ಬೇರೆ."

"ಅಯ್ಯೋ ಮೇಡಂ, ಸ್ವಲ್ಪ ರೌಂಡ್ ಆಫ್ ಮಾಡಿದೀವಿ," ಎಂದು ನಕ್ಕ.

ನನಗೆ ಮೈ ಉರಿಯಿತು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಅಲ್ಪವಿರಾಮವನ್ನೂ ನಂಬದ ಜನ ಇವರು. ಶನಿವಾರ ಕನ್ನಡದ ಬಾಗಿಲು ದಾಟಿದ ತಕ್ಷಣ ಆಧಾರ, ಪುರಾವೆ ಎಲ್ಲವನ್ನೂ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಾರೆ. ಕನ್ನಡಕ್ಕೆ ಇದಕ್ಕಿಂತ ದೊಡ್ಡ ಅವಮಾನ ಯಾವುದು? ಹೀಗೆಲ್ಲ ಅಂದು ದಿನಚರಿಯಲ್ಲಿ ಎರಡು ಪುಟ ಬರೆದಿದ್ದೇನೆ. ಈಗ ಓದಿದರೆ ಆ ಎರಡು ಪುಟ ನನ್ನ ಕಡೆಗೇ ಬೆರಳು ಮಾಡುತ್ತವೆ.

ಮರುದಿನ ಬೆಳಿಗ್ಗೆ ಸಿಟ್ಟು ಇಳಿಯಲಿ ಎಂದು ವಾಕಿಂಗ್ ಹೊರಟೆ. ಆ ರಸ್ತೆಗೆ ಫುಟ್‌ಪಾತೇ ಇಲ್ಲ. ಸೀರೆಯ ಮೇಲೆ ಪ್ರಸನ್ನನ ಜಾಕೆಟ್ ಹಾಕಿಕೊಂಡು ಹುಲ್ಲಿನ ಅಂಚಿನಲ್ಲಿ ನಡೆಯುತ್ತಿದ್ದೆ. ಹತ್ತು ನಿಮಿಷದಲ್ಲಿ ಮೂರು ಕಾರು ನಿಂತವು. ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ದಾರಿ ತಪ್ಪಿದೆಯೇ? ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುದುಕಿ ನಡೆದರೆ ಆರೋಗ್ಯ ಎನ್ನುತ್ತಾರೆ, ಇಲ್ಲಿ ಅಪಾಯ ಎನ್ನುತ್ತಾರೆ. ಮೂರನೆಯವಳಿಗೆ, ಸ್ವಲ್ಪ ಜೋರಾಗಿಯೇ, ನನ್ನ ದಾರಿ ನನಗೆ ಚೆನ್ನಾಗಿ ಗೊತ್ತಿದೆ ಎಂದೆ. ಆಮೇಲೆ ಮನೆ ಸಿಗದೆ ಅರ್ಧ ಗಂಟೆ ಸುತ್ತಿದೆ. ಆ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ.

ಹ್ಯಾರಿಸನ್

ಪ್ರೊಫೆಸರ್ ಈಗ ಮಗಳ ಜೊತೆ ಹ್ಯಾರಿಸನ್ನಿನಲ್ಲಿದ್ದಾರೆ. ಮಗಳು ಉಲ್ರಿಕೆ ಅಲ್ಲಿಂದ ದಿನಾ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗಿಬರುತ್ತಾಳೆ. ಸಭೆಗೆ ನಾಲ್ಕು ದಿನ ಮುಂಚೆ ನಾನೊಬ್ಬಳೇ ರೈಲು ಹತ್ತಿ ಅವರನ್ನು ನೋಡಲು ಹೊರಟೆ. ಹತ್ತಿದ್ದು ಮಾತಾಡಬಾರದ ಡಬ್ಬಿ ಎಂದು ಗೊತ್ತಾಗಲಿಲ್ಲ. ಮೈಸೂರಿನಿಂದ ತಂಗಿ ಸರೋಜ ಫೋನ್ ಮಾಡಿದಳು, ನಾನು ದೇಶ ಬದಲಾದರೂ ದನಿ ಬದಲಾಯಿಸದೆ ಉತ್ತರಿಸಿದೆ. ಎದುರಿನ ಹೆಂಗಸು ಗೋಡೆಯ ಫಲಕದ ಕಡೆ ಬೆರಳು ತೋರಿಸಿ ಮತ್ತೆ ಪುಸ್ತಕದಲ್ಲಿ ಮುಳುಗಿದಳು. ಅಷ್ಟು ಜನ ಕೂತು ಅಷ್ಟು ಸದ್ದಿಲ್ಲದ ಜಾಗವನ್ನು ನಾನು ನೋಡಿದ್ದು ಪರೀಕ್ಷಾ ಕೊಠಡಿಯಲ್ಲಿ ಮಾತ್ರ.

ಎಂಬತ್ತಾರರ ಪ್ರೊಫೆಸರ್ ಕಿಟಕಿಯ ಪಕ್ಕ ಕೂತಿದ್ದರು. ಮೊದಲೇ ತೆಳ್ಳಗಿದ್ದವರು ಇನ್ನೂ ತೆಳ್ಳಗಾಗಿದ್ದರು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವರದೊಂದು ರೂಢಿ ನನಗೆ ತಕ್ಷಣ ನೆನಪಾಯಿತು. ನಾವು ಕೇಳಿದ ಪ್ರಶ್ನೆ ಮುಗಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ಮೈಸೂರಿನವರಾದ ನಾವು ಉತ್ತರವನ್ನು ನಾವೇ ಹೇಳಿಕೊಂಡು, ವಿಷಯ ಬದಲಾಯಿಸಿ, ಕಾಫಿಗೆ ಎದ್ದಿರುತ್ತೇವೆ.

ಗ್ರೀಕ್ ಕಲಿತದ್ದು ಹೇಗೆ ಎಂದು ಕೇಳಿದೆ. ಮೈಸೂರಿಗೆ ಬಂದಾಗ ಇದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಯುದ್ಧ ಮುಗಿದಿತ್ತು," ಎಂದರು. "ನಮ್ಮ ಶಾಲೆಯ ಅರ್ಧಕ್ಕೆ ಸೂರಿರಲಿಲ್ಲ. ಪುಸ್ತಕಗಳು ಸುಟ್ಟುಹೋಗಿದ್ದವು. ಮೇಷ್ಟ್ರು ಬಾಯಲ್ಲಿದ್ದ ಗ್ರೀಕ್ ಪದ್ಯಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನೆನಪಾಗದ ಕಡೆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು. ತುಂಬಿಸಿ ಬರೆದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ, ಹನ್ನೆರಡು ವರ್ಷದ ಹುಡುಗರು ನಾವು. ಆದರೆ ತುಂಬಿಸಲಿಲ್ಲ. ಮೂರು ವರ್ಷ ಆ ಖಾಲಿ ಜಾಗಗಳನ್ನು ನಾವು ಹಾಗೆಯೇ ನಕಲು ಮಾಡಿಕೊಂಡೆವು. ಆಮೇಲೆ ಹೊಸ ಪುಸ್ತಕ ಬಂತು. ಓಡಿಹೋಗಿ ನೋಡಿದೆ. ಅವರು ಬರೆದ ಸಾಲುಗಳಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ."

ತಮ್ಮ ಕೆಲಸದ ಕ್ರಮವನ್ನೂ ತೋರಿಸಿದರು. ಹರಿದ ಹಾಳೆಯಲ್ಲಿ ಖಚಿತವಾಗಿ ಕಾಣುವ ಅಕ್ಷರವನ್ನು ಹಾಗೇ ಬರೆಯುತ್ತಾರೆ. ಇರಬಹುದು ಎನಿಸಿದ ಅಕ್ಷರದ ಕೆಳಗೆ ಒಂದು ಚುಕ್ಕೆ ಇಡುತ್ತಾರೆ. ಕೆಲವು ಪುಟಗಳಲ್ಲಿ ಅಕ್ಷರಗಳಿಗಿಂತ ಚುಕ್ಕೆಗಳೇ ಹೆಚ್ಚು. ಆ ಪ್ರಹಸನದ ಹೊಸ ಆವೃತ್ತಿ ಅಚ್ಚಿಗೆ ಹೋಗುವುದರಲ್ಲಿದೆ. ಗೊತ್ತಿಲ್ಲದ ಭಾಷೆಯ ಸಾಲುಗಳ ಎದುರು ಅವರು ಬರೆದದ್ದು ಇಷ್ಟು: ಭಾಷೆ ತಿಳಿದಿಲ್ಲ.

ನನಗೆ ಗೊಂದಲವಾಯಿತು. "ಆದರೆ ಅದು ಕನ್ನಡ ಎಂದು ಮೈಸೂರಿನಲ್ಲಿ ನೀವು ಒಪ್ಪಿದಿರಲ್ಲ?"

ಈ ಬಾರಿ ಅವರು ಸುಮ್ಮನಿರಲಿಲ್ಲ. ಮಗಳನ್ನು ಕರೆದು ಒಂದು ಫೈಲ್ ತರಿಸಿದರು. ಅದರ ತುಂಬ ಇಂಟರ್ನೆಟ್ಟಿನಿಂದ ಅಚ್ಚು ಹಾಕಿದ ಹಾಳೆಗಳು. ಎಲ್ಲದರಲ್ಲೂ ಅವರ ಹೆಸರು, ಅವರು ಹೇಳದ ಮಾತು. ಉಲ್ರಿಕೆ ನಿಂತೇ ಮಾತಾಡಿದಳು.

"ಇದರಿಂದ ಅಪ್ಪನಿಗೆ ಏನಾಗಿದೆ ಗೊತ್ತೇ? ಆತಿಥ್ಯ ಮಾಡಿದವರನ್ನು ಮೆಚ್ಚಿಸಲು ಟಾನ್‌ಹೋಫ್ ಏನು ಬೇಕಾದರೂ ಹೇಳುತ್ತಾರೆ ಎಂದು ಒಬ್ಬ ವಿಮರ್ಶಕ ಬರೆದ. ಪ್ರಕಾಶಕರು ಆವೃತ್ತಿಯನ್ನು ಎರಡು ವರ್ಷ ತಡೆದರು. ಅಪ್ಪ ಈ ಎಲ್ಲರಿಗೂ ತಿದ್ದಿ ಎಂದು ಪತ್ರ ಬರೆದರು. ಒಬ್ಬರಿಂದ ಮಾತ್ರ ಉತ್ತರ ಬಂತು. ಧನ್ಯವಾದ ಹೇಳಿ, ತಮ್ಮ ಪೇಜಿಗೆ ಲೈಕ್ ಒತ್ತಿ ಎಂದಿದ್ದರು."

ಪ್ರೊಫೆಸರ್ ಮಾತ್ರ ನಕ್ಕರು. ನನಗೆ ರಕ್ತ ಕುದಿಯಿತು. ಯಾವ ಅಯೋಗ್ಯ ಇದನ್ನು ಶುರು ಮಾಡಿದ್ದು ಎಂದೆ, ಇಂಗ್ಲಿಷಿನಲ್ಲಿ ಇಷ್ಟೇ ಕಟುವಾಗಿ. ಅವರು ಫೈಲಿನ ಕೊನೆಯ ಹಾಳೆ ತೆಗೆದುಕೊಟ್ಟರು. ಎಲ್ಲಕ್ಕಿಂತ ಹಳೆಯದು. ಒಂದು ಕನ್ನಡ ಪತ್ರಿಕೆಯ ದೀಪಾವಳಿ ವಿಶೇಷಾಂಕದ ಒಂದು ಪುಟ, ಲೇಖನದ ಮಧ್ಯದ್ದು, ಬರೆದವರ ಹೆಸರಿಲ್ಲ. ಅಂಚಿನಲ್ಲಿ ಯಾರೋ ವಿದ್ಯಾರ್ಥಿ ಪೆನ್ಸಿಲ್ಲಿನಿಂದ ಇಂಗ್ಲಿಷ್ ಅರ್ಥ ಬರೆದುಕೊಟ್ಟಿದ್ದ. ನಾನು ಕನ್ನಡವನ್ನೇ ಓದಿದೆ. ‘ಅದು ಕನ್ನಡವೇ ಅಲ್ಲವೇ ಎಂದು ಕೇಳಿದಾಗ ಆ ಹಿರಿಯ ವಿದ್ವಾಂಸರ ಮುಖ ಅರಳಿತು. ಅವರು ಸಂತೋಷದಿಂದ ಒಪ್ಪಿದರು.’

ಅದು ನನ್ನ ವಾಕ್ಯ.

ಹೇಳಬೇಕಾಗಿದ್ದ ಗಳಿಗೆ ಅದೇ. ನಾನು ಹೇಳಲಿಲ್ಲ. ಹಾಳೆಯನ್ನು ಹಿಂದಿರುಗಿಸಿದೆ. ಉಲ್ರಿಕೆ ಕೊಟ್ಟ ಹಾಲಿಲ್ಲದ ಕಾಫಿಯನ್ನು ಒಂದೇ ಸಲಕ್ಕೆ ಕುಡಿದು ನಾಲಿಗೆ ಸುಟ್ಟುಕೊಂಡೆ.

"ನಿಮ್ಮ ಸಂಘದ ಸಭೆಗೆ ಬರುತ್ತೇನೆ," ಎಂದರು ಪ್ರೊಫೆಸರ್. "ಒಂದು ಷರತ್ತು. ನಾನು ಹಾಗೆ ಹೇಳಿಲ್ಲ, ನನಗೆ ಗೊತ್ತಿಲ್ಲ ಎಂದು ನಿಮ್ಮವರೊಬ್ಬರು ನಿಮ್ಮ ಭಾಷೆಯಲ್ಲಿ ಹೇಳಬೇಕು. ನಾನೇ ಹೇಳಿದರೆ ವಿನಯ ಅಂದುಕೊಳ್ಳುತ್ತಾರೆ. ಹಿಂದೆ ಹಾಗೇ ಆಗಿದೆ. ಪುಸ್ತಕ ಬರುವ ಮೊದಲು ಇದೊಂದು ತೀರಬೇಕು. ಇನ್ನು ಹತ್ತು ವರ್ಷ ಪತ್ರ ಬರೆಯುತ್ತ ಕೂರುವ ವಯಸ್ಸಲ್ಲ ನನ್ನದು."

"ನಾನು ಹೇಳುತ್ತೇನೆ," ಎಂದೆ.

ಮತ್ತೆ ಪಿಸ್ಕಾಟವೇ

ಮರುದಿನ ಬೆಳಿಗ್ಗೆ ಸರೋಜಳಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಆಗ ಸಂಜೆ. ನಿಜ ಹೇಳಬೇಕೆಂದರೆ ನನಗೆ ಇನ್ನೂ ಒಂದು ಆಸೆ ಇತ್ತು. ನನ್ನ ಕಣ್ಣಿಗೆ ಆ ದೃಶ್ಯ ಅಷ್ಟು ಸ್ಪಷ್ಟವಾಗಿತ್ತು. ಹೋಟೆಲಿನ ಮೇಜು, ಅವರ ಅರಳಿದ ಮುಖ, ಮೇಲೆ ಕೆಳಗೆ ಆಡಿದ ತಲೆ. ಮುದುಕರು ತಾವು ಹೇಳಿದ್ದನ್ನು ಮರೆತಿರಬಹುದಲ್ಲ? ಎಂಬತ್ತಾರು ವರ್ಷ ತಾನೆ?

"ಗಾಡ್ರೇಜ್ ಬೀರುವಿನ ಕೆಳಗಿನ ಖಾನೆ ಸರೋಜ, ಹಸಿರು ರಟ್ಟಿನ ಡೈರಿ," ಎಂದೆ.

"ನಿನ್ನ ಡೈರಿ ಎಲ್ಲಾ ಹಸಿರೇ ಕಣೇ ಅಕ್ಕ. ಒಳ್ಳೆ ಅರಣ್ಯ ಇಲಾಖೆ ಥರ ಇದೆ ಇಲ್ಲಿ," ಎಂದು ಗೊಣಗುತ್ತ ಹುಡುಕಿದಳು. ಕೊನೆಗೆ ಸಿಕ್ಕಿತು. ಪುಟ ತಿರುವುವ ಸದ್ದು ಕೇಳಿಸಿತು.

"ಓದ್ಲಾ? ‘ಪ್ರೊ. ಟಾ. ಜೊತೆ ತಿಂಡಿ. ಅದು ಕನ್ನಡವೇ ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, ಗೊತ್ತಿಲ್ಲ ಎಂದರು. ನನಗೆ ನಿರಾಸೆ. ದೋಸೆ ಸೀದಿತ್ತು.’ ಇಷ್ಟೇ ಇರೋದು. ಯಾಕೆ ಅಕ್ಕ? ಅಕ್ಕ, ಇದೀಯಾ?"

ಇದ್ದೆ. ಆ ದಿನ ಸಂಜೆ ನನ್ನ ಕೈಯಲ್ಲೇ ಬರೆದ ಮಾತು. ಲೇಖನ ಬರೆದದ್ದು ಮೂರು ತಿಂಗಳ ನಂತರ. ನಡುವೆ ಏನಾಯಿತು? ಡೈರಿ ಬೀರುವಿನಲ್ಲೇ ಇತ್ತು, ತೆಗೆದು ನೋಡಲು ಎರಡು ನಿಮಿಷ ಸಾಕಾಗಿತ್ತು. ನೋಡಲಿಲ್ಲ. ಅವರ ಆ ದೀರ್ಘ ಮೌನ ಮಾತ್ರ ನನ್ನಲ್ಲಿ ಉಳಿದಿತ್ತು. ನಮ್ಮಲ್ಲಿ ದೊಡ್ಡವರು ಸುಮ್ಮನಿದ್ದರೆ ಒಪ್ಪಿದ ಹಾಗೆ ತಾನೆ? ಹೆಣ್ಣು ನೋಡಲು ಬಂದಲ್ಲಿ, ಆಸ್ತಿ ಪಾಲು ಮಾಡುವಲ್ಲಿ, ಎಲ್ಲ ಕಡೆ ಹಾಗೇ ನಡೆದುಬಂದಿದೆ. ಒಬ್ಬ ಮನುಷ್ಯ ಯೋಚಿಸುವುದಕ್ಕೂ ಸುಮ್ಮನಿರಬಹುದು ಎಂದು ನನಗೆ ತೋಚಲಿಲ್ಲ. ಅರಳಿದ ಮುಖ, ಆಡಿದ ತಲೆ, ಸಂತೋಷ, ಇವೆಲ್ಲ ಎಲ್ಲಿಂದ ಬಂದವೋ ನನಗೆ ತಿಳಿಯದು. ಮೊದಲು ಬರೆದು ಆಮೇಲೆ ನೆನಪಿಸಿಕೊಂಡೆನೇ? ಇಂದಿಗೂ ಕಣ್ಣು ಮುಚ್ಚಿದರೆ ಆ ಮುಖ ಅರಳುತ್ತದೆ. ಸುಳ್ಳೆಂದು ಗೊತ್ತಾದ ಮೇಲೂ ಅಳಿಸಿಹೋಗದ ನೆನಪನ್ನು ಏನು ಮಾಡಬೇಕು?

ಜೆರಿಕೋ

ಎರಡು ದಿನದ ಮೇಲೆ ಪ್ರಸನ್ನ, ಶುಭಾ ನನ್ನನ್ನು ಲಾಂಗ್ ಐಲೆಂಡಿನ ಜೆರಿಕೋಗೆ ಕರೆದೊಯ್ದರು. ಸಭೆಯ ಊಟದ ವ್ಯವಸ್ಥೆ ವಹಿಸಿಕೊಂಡಿದ್ದ ಶೆಟ್ಟರ ಮನೆ ಅಲ್ಲಿದೆ. ಶೆಟ್ಟರು ಉಡುಪಿಯ ಕಡೆಯವರು, ಹೋಟೆಲ್ ನಡೆಸುತ್ತಾರೆ. ಮೀನಿನ ಊಟಕ್ಕೆ ಕರೆದು, ನಾನು ತಿನ್ನುವುದಿಲ್ಲವೆಂದು ತಿಳಿದ ಮೇಲೆ ಹತ್ತು ನಿಮಿಷದಲ್ಲಿ ನೀರುದೋಸೆ ಹುಯ್ದುಕೊಟ್ಟರು. ಅಂಥ ಮನುಷ್ಯರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಆದರೂ ಮಾಡಿಕೊಂಡೆ.

"ಅದು ಕನ್ನಡ ಅಲ್ಲ ಮೇಡಂ, ತುಳು," ಎಂದರು ಶೆಟ್ಟರು. "ಗ್ರೀಕರು ಹಡಗಿನಲ್ಲಿ ಬಂದು ಇಳಿದದ್ದು ನಮ್ಮ ಕಡಲಿಗೆ. ನಿಮ್ಮ ಮೈಸೂರಿನಲ್ಲಿ ಕಡಲು ಉಂಟಾ? ಆ ಪ್ರೊಫೆಸರ್ ಹತ್ರ ಒಂದು ಮಾತು ತುಳು ಅಂತ ಹೇಳಿಸುವಾ."

"ಶೆಟ್ರೇ, ಬ್ಯಾನರ್ ಪ್ರಿಂಟ್ ಆಗಿದೆ," ಎಂದ ಪ್ರಸನ್ನ.

"ಬ್ಯಾನರ್ ನಿಮ್ದು, ಊಟ ನಮ್ದು. ಅರ್ಧ ಕನ್ನಡ ಅರ್ಧ ತುಳು ಮಾಡಿ ಮಾರಾಯ್ರೆ, ಎಂತ ಕಷ್ಟ?"

"ಫಿಫ್ಟಿ ಫಿಫ್ಟಿ ಓಕೆ," ಎಂದ ಪ್ರಸನ್ನ ನಿಜವಾಗಿಯೂ ಯೋಚಿಸುತ್ತ.

ಎರಡು ಸಾವಿರ ವರ್ಷ ಮರಳಿನಲ್ಲಿ ಬಿದ್ದಿದ್ದ ಹಾಳೆಯನ್ನು ಇವರಿಬ್ಬರು ಉಪ್ಪಿನಕಾಯಿ ತಟ್ಟೆಯ ಎರಡು ಬದಿ ಕೂತು ಸೈಟಿನಂತೆ ಪಾಲು ಮಾಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅವರು ಕನ್ನಡ ಅಂತಾನೂ ಹೇಳಿಲ್ಲ, ತುಳು ಅಂತಾನೂ ಹೇಳಿಲ್ಲ. ಗೊತ್ತಿಲ್ಲ ಅಂದಿದ್ದಾರೆ. ನಲವತ್ತು ವರ್ಷ ಕೆಲಸ ಮಾಡಿ ಗೊತ್ತಿಲ್ಲ ಅಂದಿದ್ದಾರೆ!"

"ಗೊತ್ತಿಲ್ಲ ಅನ್ಲಿಕ್ಕೆ ನಲವತ್ತು ವರ್ಷ ಬೇಕಾ?" ಎಂದರು ಶೆಟ್ಟರು. "ನಾನು ಈಗಲೇ ಹೇಳ್ತೇನೆ ಗೊತ್ತಿಲ್ಲ ಅಂತ. ಒಂದು ಶಾಲು ಕೊಡಿ."

ಎಲ್ಲರೂ ನಕ್ಕರು. ನನಗೂ ನಗು ಬಂತು. ಅದೇ ಹೆಚ್ಚು ಸಿಟ್ಟು ತರಿಸಿತು.

ವಾಪಸು ಬರುವಾಗ ಸೇತುವೆಯ ಮೇಲೆ ಟ್ರಾಫಿಕ್ ನಿಂತಿತು. ಮುಂದಿನ ಸೀಟಿನಲ್ಲಿದ್ದ ಶುಭಾ ಗಂಡನ ಕಡೆ ತಿರುಗಿ ಹೇಳಿದಳು, "ನಮ್ಮ ಆಫೀಸ್‌ನಲ್ಲಿ ಡೇಟಾ ಸಾಕಾಗಲ್ಲ ಅಂತ ಬರೆಯೋದೂ ಒಂದು ರಿಸಲ್ಟೇ ರೀ. ಹಾಗೆ ಬರೆಯೋಕೂ ವರ್ಷಗಟ್ಟಲೆ ಟ್ರಯಲ್ ಮಾಡಿರ್ತಾರೆ."

ಅವಳ ಆ ಮಾತಿನಿಂದ ನನಗೆ ಧೈರ್ಯ ಬಂತು. ಹಿಂದಿನ ಸೀಟಿನಿಂದಲೇ ಎಲ್ಲ ಹೇಳಿದೆ. ದೀಪಾವಳಿ ವಿಶೇಷಾಂಕ, ನನ್ನ ವಾಕ್ಯ, ಹಸಿರು ಡೈರಿ. ಬ್ಯಾನರ್ ತೆಗೆಯಲೇಬೇಕು ಎಂದೂ ಹೇಳಿದೆ.

ಪ್ರಸನ್ನ ಕನ್ನಡಿಯಲ್ಲಿ ನನ್ನನ್ನು ನೋಡಿದ. ಕಾಲೇಜಿನಲ್ಲಿ ಪಾಠ ಕೇಳಿದವನ ಕಣ್ಣಲ್ಲ ಅದು.

"ಮೇಡಂ, ಆ ಆರ್ಟಿಕಲ್ ನೋಡಿ ತಾನೇ ನಾವು ನಿಮ್ಮನ್ನ ಕರೆಸಿದ್ದು? ಬಂದ ದಿನದಿಂದ ನನಗೆ ಬಯ್ತಾ ಇದೀರ. ನಾವು ರೌಂಡ್ ಆಫ್ ಮಾಡಿದ್ದು ಹೌದು, ತಪ್ಪೇ. ಆದ್ರೆ ನಂಬರ್ ಕೊಟ್ಟೋರು ಯಾರು?"

ಶುಭಾ ರೇಡಿಯೋ ಹಾಕಿದಳು, ಮತ್ತೆ ತಾನೇ ಆರಿಸಿದಳು. ನ್ಯೂಜೆರ್ಸಿ ಬಂದ ಮೇಲೆ ಪ್ರಸನ್ನನೇ ಬಾಯಿಬಿಟ್ಟ.

"ಬ್ಯಾನರ್ ಚೇಂಜ್ ಮಾಡೋಕೆ ಟೈಮ್ ಇಲ್ಲ. ನಿಮಗೆ ಸ್ವಾಗತ ಆದ ತಕ್ಷಣ ಎರಡು ನಿಮಿಷ ಕೊಡ್ತೀನಿ. ಏನು ಬೇಕಾದ್ರೂ ಹೇಳಿ. ನಾನು ಮೈಕ್ ಆಫ್ ಮಾಡಲ್ಲ."

ಸಭೆ

ಪಿಸ್ಕಾಟವೇಯ ಒಂದು ಶಾಲೆಯ ಸಭಾಂಗಣ. ಇನ್ನೂರು ಜನರಿದ್ದರು. ರೇಷ್ಮೆ ಸೀರೆ, ಪಂಚೆ, ಹಿಂದಿನ ಸಾಲುಗಳಲ್ಲಿ ಫೋನ್ ಹಿಡಿದ ಮಕ್ಕಳು. ಪ್ರೊಫೆಸರ್ ಬೂದು ಕೋಟು ಹಾಕಿಕೊಂಡು, ತಮ್ಮ ಹೆಸರಿನ ಬ್ಯಾನರಿನ ಕೆಳಗೆ, ಅದನ್ನು ಓದಲಾರದೆ ಕೂತಿದ್ದರು. ಉಲ್ರಿಕೆ ಮೊದಲ ಸಾಲಿನಲ್ಲಿದ್ದಳು.

ನನ್ನ ಸರದಿ ಬಂತು. ಚೀಟಿ ಬರೆದುಕೊಂಡಿದ್ದೆ. ನೆನಪಿನಿಂದ ಮಾತಾಡುವುದಿಲ್ಲ ಎಂದು ನಿರ್ಧರಿಸಿದ್ದೆ. ಕನ್ನಡದಲ್ಲಿ ಓದಿದೆ: ಹಿಂದಿರುವ ಬ್ಯಾನರಿನ ಮಾತು ನಿಜವಲ್ಲ. ಪ್ರೊಫೆಸರ್ ಹಾಗೆ ಸಾಬೀತು ಮಾಡಿಲ್ಲ, ಒಪ್ಪಿಯೂ ಇಲ್ಲ. ಕೇಳಿದಾಗ ಗೊತ್ತಿಲ್ಲ ಎಂದರು. ಒಪ್ಪಿದರು ಎಂದು ಮೊದಲು ಬರೆದವಳು ನಾನು. ಅದು ತಪ್ಪು. ಆ ತಪ್ಪಿನಿಂದ ಇವರ ಹೆಸರಿಗೆ ಕುಂದು ಬಂದಿದೆ.

ಆಮೇಲೆ ಪ್ರೊಫೆಸರ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹ್ಯಾರಿಸನ್ನಿನಲ್ಲಿ ಆ ಹಾಳೆ ಕೈಗೆ ಬಂದಾಗಲೇ ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸಿ ಎಂದೆ. ಅವರು ಸುಮ್ಮನಿದ್ದರು. ಸಭೆಯೂ ಸುಮ್ಮನಿತ್ತು. ಪ್ರಸನ್ನ ಮೈಕಿನ ಕಡೆ ಒಂದು ಹೆಜ್ಜೆ ಇಟ್ಟು, ನಿಂತ. ಇಷ್ಟು ಕಾಲದ ಮೇಲೆ ನಾನೂ ಆ ಮೌನಕ್ಕೆ ಅರ್ಥ ಹಚ್ಚದೆ ಕಾದೆ. ಅವರು ಎದ್ದು ನನ್ನ ಕೈ ಕುಲುಕಿ, ಮೈಕಿಗೆ ಬಾಗಿ, "ಧನ್ಯವಾದ. ಅದು ಯಾವ ಭಾಷೆಯೋ ನನಗೆ ಗೊತ್ತಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರು.

ಇಡೀ ಸಭೆ ಚಪ್ಪಾಳೆ ತಟ್ಟಿತು. ನನಗೆ ಎದೆ ತುಂಬಿ ಬಂತು. ಅರ್ಥವಾಯಿತು ಎಂದುಕೊಂಡೆ. ಅಭಿನಂದನಾ ಪತ್ರ ಓದುವ ಕೆಲಸ ಶುಭಾಳದು. ‘ಸಾಬೀತುಪಡಿಸಿದ’ ಎಂಬಲ್ಲಿಗೆ ಬಂದಾಗ ಅವಳು ಆ ಸಾಲನ್ನು ಬಿಟ್ಟು ಮುಂದಕ್ಕೆ ಓದಿದಳು. ಪೇಟ ಕಿವಿಯವರೆಗೆ ಇಳಿಯಿತು, ಹಾರ ಕನ್ನಡಕಕ್ಕೆ ಸಿಕ್ಕಿಕೊಂಡಿತು. ಶಾಲನ್ನು ನಾನೇ ಹೊದಿಸಿದೆ.

ಊಟದ ಸಾಲಿನಲ್ಲಿ ಒಬ್ಬರು ಬಿಸಿಬೇಳೆಬಾತಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದರು. "ಮೇಡಂ, ಸೂಪರ್ ಸ್ಪೀಚ್. ಗ್ರೀಕ್ ನಾಟಕದಲ್ಲಿ ನಮ್ಮ ಕನ್ನಡ! ಕೇಳಿ ರೋಮಾಂಚನ ಆಯ್ತು. ಪ್ರೊಫೆಸರ್ ಎಷ್ಟು ಹಂಬಲ್ ನೋಡಿ, ತನಗೆ ಏನೂ ಗೊತ್ತಿಲ್ಲ ಅಂತಾರೆ."

ಅವರ ತಟ್ಟೆಯನ್ನು ಕಿತ್ತುಕೊಳ್ಳಬೇಕು ಎನಿಸಿತು. ಯಾರಿಗಾಗಿ ಓದಿದೆ ನಾನು? ಕೇಳಬೇಕೆಂದಿದ್ದನ್ನು ಮಾತ್ರ ಕೇಳುವ ಕಿವಿಗೆ ಯಾವ ಭಾಷೆಯಲ್ಲಿ ಹೇಳಬೇಕು? ಇಪ್ಪತ್ತೆರಡು ವರ್ಷದ ಹಿಂದೆ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಕೂತಿದ್ದ ಒಬ್ಬ ಕನ್ನಡ ಮೇಡಮ್ಮಿನ ಕಿವಿಯೂ ಇಂಥದ್ದೇ ಎಂದು ಹೊಳೆದು, ಸುಮ್ಮನೆ ಪಕ್ಕಕ್ಕೆ ಸರಿದೆ.

ಉಲ್ರಿಕೆಯ ಕಾರಿನವರೆಗೆ ಪ್ರೊಫೆಸರ್ ಜೊತೆ ನಡೆದೆ. "ಬರೆದವರು ನೀವೆಂದು ನನಗೆ ಗೊತ್ತಿತ್ತು," ಎಂದರು. "ಅರ್ಥ ಬರೆದುಕೊಟ್ಟ ವಿದ್ಯಾರ್ಥಿ ನಿಮ್ಮ ಹೆಸರನ್ನೂ ಹೇಳಿದ್ದ. ನೀವು ಮನೆಗೆ ಬಂದ ದಿನವೇ ಹೇಳುತ್ತೀರಿ ಅಂದುಕೊಂಡಿದ್ದೆ."

ನಾನು ತಲೆ ತಗ್ಗಿಸಿದೆ.

"ಪರವಾಗಿಲ್ಲ. ಆದರೆ ಇವರು ಮನೆಗೆ ಹೋಗಿ ಮರೆಯುತ್ತಾರೆ," ಎಂದು ಸಭಾಂಗಣದ ಕಡೆ ನೋಡಿದರು. "ನೀವು ಮೊದಲು ಹೇಳಿದ್ದು ಸಭೆಯಲ್ಲಲ್ಲ, ಅಚ್ಚಿನಲ್ಲಿ."

ಮರುದಿನ ಸಂಘದ ಪೇಜಿನಲ್ಲಿ ಫೋಟೋ ಬಂತು. ಕೆಳಗಿನ ಬರಹ ಬ್ಯಾನರಿನದೇ. ಪ್ರಸನ್ನನಿಗೆ ತೋರಿಸಿದೆ. ತಾನು ಹಾಕಿದ್ದಲ್ಲ, ಕಮಿಟಿಯವರು ಯಾರೋ ಎಂದ. ನನ್ನೆದುರೇ ಅಳಿಸಿಸಿದ. ಅಷ್ಟರಲ್ಲಿ ಅದು ಎಷ್ಟೋ ಫೋನುಗಳಿಗೆ ಹೋಗಿಯಾಗಿತ್ತು.

ಮೈಸೂರು

ಊರಿಗೆ ಬಂದ ವಾರದಲ್ಲೇ ಆ ಪತ್ರಿಕೆಯ ಕಚೇರಿಗೆ ಹೋದೆ. ಆಗಿನ ಸಂಪಾದಕರು ಈಗಿಲ್ಲ. ಈಗಿನವರು ಸೌಜನ್ಯದಿಂದ ಕೂರಿಸಿ ಕಾಫಿ ತರಿಸಿದರು. ತಿದ್ದುಪಡಿ ಹಾಕಿ ಎಂದೆ, ಡೈರಿಯ ಪುಟ ತೋರಿಸಿದೆ.

"ಇಪ್ಪತ್ತೆರಡು ವರ್ಷದ ಹಿಂದಿನದಕ್ಕಾ ಮೇಡಂ? ಯಾರಿಗೆ ನೆನಪಿರುತ್ತೆ?"

"ಎಲ್ಲರಿಗೂ ನೆನಪಿದೆ. ಅದೇ ಕಷ್ಟ."

"ತಿದ್ದುಪಡಿ ಯಾರೂ ಓದಲ್ಲ ಮೇಡಂ. ಅಮೆರಿಕಕ್ಕೆ ಹೋಗಿ ಬಂದಿದೀರಲ್ಲ, ಪ್ರವಾಸ ಕಥನ ಬರೆದುಕೊಡಿ. ಅದಾದ್ರೆ ಓದ್ತಾರೆ."

ಅದಕ್ಕೇ ಇದನ್ನು ಬರೆದದ್ದು. ರೈಲಿನ ಕಥೆ, ಫುಟ್‌ಪಾತಿಲ್ಲದ ರಸ್ತೆ, ಶೆಟ್ಟರ ನೀರುದೋಸೆ ಇಷ್ಟವಾಗಿದ್ದರೆ ಸಂತೋಷ. ಅವು ಹೀಗೇ ನಡೆದವು ಎಂದು ನನ್ನ ದಿನಚರಿ ಹೇಳುತ್ತದೆ. ಬರೆಯುವ ಮೊದಲು ಪುಟ ಪುಟ ತೆಗೆದು ನೋಡಿದ್ದೇನೆ. ಆ ಹಳೆಯ ವಿಶೇಷಾಂಕ ಯಾರ ಮನೆಯ ಅಟ್ಟದಲ್ಲಾದರೂ ಇನ್ನೂ ಇದ್ದರೆ, ದಯವಿಟ್ಟು ಇಳಿಸಿಕೊಳ್ಳಿ. ನನ್ನ ಲೇಖನದಲ್ಲಿ ‘ಅದು ಕನ್ನಡವೇ ಅಲ್ಲವೇ’ ಎಂಬಲ್ಲಿಂದ ‘ಒಪ್ಪಿದರು’ ಎಂಬಲ್ಲಿಯವರೆಗೆ ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಇಷ್ಟು ಬರೆದುಕೊಳ್ಳಿ: ಅದು ಕನ್ನಡವೇ ಎಂದು ಕೇಳಿದಾಗ ಪ್ರೊಫೆಸರ್ ಟಾನ್‌ಹೋಫ್ ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲ ಎಂದರು.